ಪೊರೆ ಬರೀ ಗೋಡೆ ಎನ್ನುವವರಿಗೆ

ರಕ್ತನಾಳದಲ್ಲಿ, ಕರುಳಿನಲ್ಲಿ, ಗರ್ಭಕೋಶದಲ್ಲಿ, ಮೂತ್ರಕೋಶದಲ್ಲಿ ನಮ್ಮ ಅಪ್ಪಣೆಗೆ ಕಾಯದೆ ದುಡಿಯುವ ಸ್ನಾಯು ನಯಸ್ನಾಯು. ಅದು ಬಿಗಿಯುವುದೂ ಸಡಿಲುವುದೂ ಕೋಶದೊಳಗಿನ ಕ್ಯಾಲ್ಸಿಯಂ ಮೇಲೆ ನಿಂತಿದೆ. ಕ್ಯಾಲ್ಸಿಯಂ ಏರಿದರೆ ಅದು ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಆ ಜೋಡಿ ಮಯೋಸಿನ್ ಕೈನೇಸನ್ನು ಎಬ್ಬಿಸುತ್ತದೆ, ಸ್ನಾಯು ಬಿಗಿಯುತ್ತದೆ. ಇಳಿದರೆ ಸಡಿಲ. ಸುಮ್ಮನಿರುವ ಕೋಶದೊಳಗೆ ಬಿಡಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 100 ನ್ಯಾನೊಮೋಲ್. ಹೊರಗೆ 1 ಮಿಲಿಮೋಲಿಗೂ ಹೆಚ್ಚು. ಹತ್ತು ಸಾವಿರ ಪಟ್ಟು ಮೀರಿದ ಈ ಅಂತರವನ್ನು ಹಿಡಿದು ನಿಂತಿರುವುದು ನಾಲ್ಕೈದು ನ್ಯಾನೊಮೀಟರ್ ದಪ್ಪದ ಪೊರೆ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗುವುದು ಆ ಪೊರೆಯ ಲಿಪಿಡ್‌ಗಳಿಗೆ, ಅಂದರೆ ಫಾಸ್ಫೊಲಿಪಿಡ್, ಕೊಲೆಸ್ಟರಾಲ್, ಸ್ಫಿಂಗೊಲಿಪಿಡ್‌ಗಳಿಗೆ, ಈ ಏರಿಳಿತದಲ್ಲಿ ಸ್ವಂತ ಪಾತ್ರ ಉಂಟೋ ಇಲ್ಲವೋ ಎಂಬಲ್ಲಿ. ಉಂಟು ಎನ್ನುವುದು ನನ್ನ ನಿಲುವು. ಯಾವ ಲಿಪಿಡ್, ಯಾವ ಪಂಪ್ ಅಥವಾ ಚಾನೆಲ್, ಪೊರೆಯ ಯಾವ ಜಾಗ ಎಂದು ಹೆಸರಿಟ್ಟು ಹೇಳಬಹುದಾದಷ್ಟು ಖಚಿತವಾದ ಪಾತ್ರ ಅದು. ಇಲ್ಲ ಎನ್ನುವವರು ತರಗತಿಗಳಲ್ಲೂ ವಿಚಾರಗೋಷ್ಠಿಗಳಲ್ಲೂ ಬಹಳ ಮಂದಿ. ಅವರ ವಾದಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡೋಣ. ತೀರ್ಪು ಓದುಗರದು.

ಮೊದಲನೆಯ ವಾದ ಅವರಿಗೆ ಅತ್ಯಂತ ಪ್ರಿಯವಾದದ್ದು: ಕ್ಯಾಲ್ಸಿಯಂ ಸಾಗಿಸುವುದು ಪ್ರೋಟೀನು, ಲಿಪಿಡ್ ಪೊರೆ ಅದಕ್ಕೆ ನಿಲ್ಲಲು ಜಾಗ ಕೊಡುವ ಗೋಡೆ, ಅಷ್ಟೆ. ಗೋಡೆಯಾಗಿದ್ದರೆ ಯಾವ ಕಲ್ಲಿನಿಂದ ಕಟ್ಟಿದರೂ ನಡೆಯಬೇಕು. ನಡೆಯುತ್ತದೆಯೇ? ಕ್ಯಾಲ್ಸಿಯಂ ಅನ್ನು ಕೋಶದಿಂದ ಹೊರಗೆ ತಳ್ಳುವ ಪಂಪನ್ನು ಕೆಂಪು ರಕ್ತಕಣದಲ್ಲಿ ಶಾಟ್ಸ್‌ಮನ್ 1966ರಲ್ಲಿ ಕಂಡುಹಿಡಿದರು. 1979ರಲ್ಲಿ ನಿಗ್ಲಿ, ಪೆನಿಸ್ಟನ್ ಮತ್ತು ಕರಾಫೊಲಿ ಅದನ್ನು ಪೊರೆಯಿಂದ ಬಿಡಿಸಿ ಶುದ್ಧಗೊಳಿಸಿದರು. ಬಿಡಿಸಿದ ಪಂಪಿಗೆ ಯಾವುದಾದರೂ ಲಿಪಿಡ್ ಸೇರಿಸದಿದ್ದರೆ ಅದು ಕೆಲಸ ಮಾಡದು. ಅಷ್ಟೇ ಆಗಿದ್ದರೆ ಗೋಡೆಯ ವಾದ ಉಳಿಯುತ್ತಿತ್ತು. ಆದರೆ ಯಾವ ಲಿಪಿಡ್ ಸೇರಿಸಿದಿರಿ ಎಂಬುದರ ಮೇಲೆ ಪಂಪಿನ ನಡತೆಯೇ ಬದಲಾಯಿತು. ವಿದ್ಯುದಂಶದ ಲೆಕ್ಕದಲ್ಲಿ ತಟಸ್ಥವಾದ ಫಾಸ್ಫಟಿಡಿಲ್‌ಕೋಲಿನ್ ಸೇರಿಸಿದರೆ ಪಂಪ್ ನಿಧಾನಕ್ಕೆ ನಡೆಯುತ್ತದೆ, ಕ್ಯಾಲ್‌ಮಾಡ್ಯುಲಿನ್ ಬಂದಾಗ ವೇಗ ಹಿಡಿಯುತ್ತದೆ. ಋಣಾವೇಶವಿರುವ ಫಾಸ್ಫಟಿಡಿಲ್‌ಸೆರಿನ್ ಸೇರಿಸಿದರೆ ಕ್ಯಾಲ್‌ಮಾಡ್ಯುಲಿನ್ ಬರುವ ಮೊದಲೇ ಪಂಪ್ ಪೂರ್ತಿ ವೇಗದಲ್ಲಿರುತ್ತದೆ. ಆಮೇಲೆ ಕ್ಯಾಲ್‌ಮಾಡ್ಯುಲಿನ್ ಹಾಕಿದರೂ ಏರಲು ಏನೂ ಉಳಿದಿರುವುದಿಲ್ಲ. 1981ರಲ್ಲಿ ಇದೇ ಗುಂಪು ಇದನ್ನು ಸ್ಪಷ್ಟ ಮಾತಿನಲ್ಲಿ ಹೇಳಿತು: ಆಮ್ಲೀಯ, ಅಂದರೆ ಋಣಾವೇಶವಿರುವ, ಫಾಸ್ಫೊಲಿಪಿಡ್‌ಗಳು ಕ್ಯಾಲ್‌ಮಾಡ್ಯುಲಿನ್ ಮಾಡುವ ಕೆಲಸವನ್ನೇ ಮಾಡುತ್ತವೆ. ಕ್ಯಾಲ್‌ಮಾಡ್ಯುಲಿನನ್ನು ಎಲ್ಲರೂ ನಿಯಂತ್ರಕ ಎಂದು ಕರೆಯುತ್ತಾರೆ. ಅದೇ ಕೆಲಸವನ್ನು ಅದೇ ಪಂಪಿನ ಮೇಲೆ ಮಾಡುವ ಅಣುವನ್ನು ಗೋಡೆ ಎಂದು ಕರೆಯಲು ಕಾರಣವೇನು? ಅದು ಪ್ರೋಟೀನಲ್ಲ ಎಂಬುದನ್ನು ಬಿಟ್ಟರೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಕೋಶದೊಳಗಿನ ದಾಸ್ತಾನಿಗೆ, ಅಂದರೆ ಸಾರ್ಕೊಪ್ಲಾಸ್ಮಿಕ್ ಜಾಲಕ್ಕೆ, ಕ್ಯಾಲ್ಸಿಯಂ ತುಂಬುವ ಇನ್ನೊಂದು ಪಂಪ್ ಸರ್ಕಾ. ಅದರ ಕಥೆಯೂ ಇದೇ. 1974ರಲ್ಲಿ ವಾರನ್, ಮೆಟ್‌ಕಾಫ್ ಮತ್ತು ಸಂಗಡಿಗರು ಕೇಂಬ್ರಿಜ್‌ನಲ್ಲಿ ಆ ಪಂಪಿನ ಸುತ್ತಲಿನ ಲಿಪಿಡನ್ನು ಹಂತಹಂತವಾಗಿ ಕಳಚಿದರು. ಒಂದು ಪಂಪಿಗೆ ಸುಮಾರು ಮೂವತ್ತು ಲಿಪಿಡ್ ಅಣುಗಳಿರುವವರೆಗೆ ಅದು ನಡೆಯಿತು. ಅದಕ್ಕಿಂತ ಕೆಳಗಿಳಿದಾಗ ಚಟುವಟಿಕೆ ಕುಸಿಯಿತು. ಮುಂದೆ ಲಿಪಿಡ್‌ನ ಕೊಬ್ಬಿನಾಮ್ಲದ ಸರಪಣಿಯ ಉದ್ದವನ್ನು ಬದಲಿಸಿ ನೋಡಿದಾಗ 18 ಕಾರ್ಬನ್ನಿನ ಸರಪಣಿಯಲ್ಲಿ ಪಂಪ್ ಚೆನ್ನಾಗಿ ನಡೆಯಿತು, 14ರಲ್ಲಿಯೂ 24ರಲ್ಲಿಯೂ ಕುಂಟಿತು. ಸರಪಣಿಯ ಉದ್ದವೆಂದರೆ ಪೊರೆಯ ದಪ್ಪ. ಪಂಪಿನ ಪೊರೆಯೊಳಗಿನ ಭಾಗಕ್ಕೂ ಆ ದಪ್ಪಕ್ಕೂ ಹೊಂದಿಕೆ ತಪ್ಪಿದರೆ ಕ್ಯಾಲ್ಸಿಯಂ ಸಾಗಣೆ ತಪ್ಪುತ್ತದೆ. 2017ರಲ್ಲಿ ಟೊಯೊಶಿಮಾ ಅವರ ಗುಂಪು ಈ ಪಂಪಿನ ಹರಳುಗಳಲ್ಲಿ ಸುತ್ತಲಿನ ಫಾಸ್ಫೊಲಿಪಿಡ್‌ಗಳನ್ನೇ ಕಾಣಿಸಿತು. ಪಂಪ್ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವಾಗ ಅದರ ಅಂಚಿನ ಅಮೈನೊ ಆಮ್ಲಗಳು ಲಿಪಿಡ್‌ನ ತಲೆಗಳನ್ನು ಹಿಡಿದುಕೊಂಡೇ ಓರೆಯಾಗುತ್ತವೆ. ಇದನ್ನು ನೋಡಿದ ಮೇಲೂ ಲಿಪಿಡ್ ಸುಮ್ಮನೆ ನಿಂತಿದೆ ಎನ್ನುವವರು ಯಾವ ಪುರಾವೆಗೆ ಕಾಯುತ್ತಿದ್ದಾರೆ ಎಂದು ಹೇಳಬೇಕು.

ಅವರು ಹೇಳುತ್ತಾರೆ: ಇದು ಕೆಂಪು ರಕ್ತಕಣದ ಮಾತು, ಅಸ್ಥಿಸ್ನಾಯುವಿನ ಮಾತು, ನಯಸ್ನಾಯುವಿನದಲ್ಲ. ಸರಿ, ನಯಸ್ನಾಯುವಿಗೇ ಬರೋಣ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಕಾಸ್ಟೀಲ್ಸ್, ರೇಮೇಕರ್ಸ್, ವಾಯ್‌ಟಾಕ್ ಮತ್ತು ಸಂಗಡಿಗರು ನಯಸ್ನಾಯುವಿನ ಹೊರಪೊರೆಯ ಕ್ಯಾಲ್ಸಿಯಂ ಪಂಪಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ರಕ್ತನಾಳ ಸಡಿಲಗೊಳ್ಳುವಾಗ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಏರುತ್ತದೆ, ಅದು ಒಂದು ಕೈನೇಸನ್ನು ಎಬ್ಬಿಸುತ್ತದೆ, ಕ್ಯಾಲ್ಸಿಯಂ ಪಂಪ್ ಚುರುಕಾಗುತ್ತದೆ. ಕೈನೇಸಿನ ಕೆಲಸ ಫಾಸ್ಫೇಟ್ ಅಂಟಿಸುವುದು. ಹಾಗಾಗಿ ಅದು ಪಂಪಿಗೇ ಫಾಸ್ಫೇಟ್ ಅಂಟಿಸುತ್ತದೆ ಎಂದು ಊಹಿಸುವುದು ಸಹಜ. 1988ರಲ್ಲಿ ಈ ಗುಂಪು ಪ್ರಕಟಿಸಿದ ಫಲಿತಾಂಶ ಆ ಊಹೆಗೆ ವಿರುದ್ಧವಾಗಿತ್ತು. ಫಾಸ್ಫೇಟ್ ಸೇರಿದ್ದು ಪಂಪಿಗಲ್ಲ, ಪಕ್ಕದ ಪೊರೆಯಲ್ಲಿದ್ದ ಫಾಸ್ಫಟಿಡಿಲ್‌ಇನೊಸಿಟಾಲ್ ಎಂಬ ಲಿಪಿಡಿಗೆ. ಫಾಸ್ಫೇಟ್ ಪಡೆದ ಲಿಪಿಡ್ ಇನ್ನಷ್ಟು ಋಣಾವೇಶ ಪಡೆಯಿತು, ಅದು ಪಂಪನ್ನು ಓಡಿಸಿತು. ಪ್ರೋಟೀನ್ ಪಕ್ಷ ತನ್ನದೆಂದು ಹೇಳಿಕೊಳ್ಳುತ್ತಿದ್ದ ಕೈನೇಸ್ ಇಲ್ಲಿ ತನ್ನ ಮಾತನ್ನು ಲಿಪಿಡ್‌ನ ಮೂಲಕ ಆಡಿದೆ.

ಇಲ್ಲಿ ಅವರು ಎರಡನೆಯ ವಾದಕ್ಕೆ ಹೊರಳುತ್ತಾರೆ. ಇನೊಸಿಟಾಲ್ ಲಿಪಿಡ್‌ಗಳು ಬೇರೆ, ಅವು ಸಂದೇಶದ ಕಚ್ಚಾವಸ್ತು, ಪೊರೆಯ ಲಿಪಿಡ್ ಎಂದು ಎಣಿಸಬಾರದು ಎನ್ನುತ್ತಾರೆ. ಈ ಬಳಗದ ಪಿಐಪಿ2 ಎಂಬ ಲಿಪಿಡ್ ಒಡೆದು ಐಪಿ3 ಹುಟ್ಟುತ್ತದೆ, ಅದು ದಾಸ್ತಾನಿನ ಕ್ಯಾಲ್ಸಿಯಂ ಬಿಡಿಸುತ್ತದೆ. 1983ರಲ್ಲಿ ಸ್ಟ್ರೆಬ್, ಅರ್ವಿನ್, ಬೆರಿಡ್ಜ್, ಶುಲ್ಟ್ಸ್ ಇದನ್ನು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ತೋರಿಸಿದರು. 1985ರಲ್ಲಿ ಸೊಮ್ಲಿಯೊ ದಂಪತಿಯ ಪ್ರಯೋಗಾಲಯ ರಕ್ತನಾಳದ ನಯಸ್ನಾಯುವಿನಲ್ಲಿ ತೋರಿಸಿತು. ಒಡೆದ ಮೇಲೆ ಪೊರೆಯಲ್ಲೇ ಉಳಿಯುವ ಇನ್ನೊಂದು ತುಣುಕು ಡಯಾಸಿಲ್‌ಗ್ಲಿಸರಾಲ್. ಅದೂ ಲಿಪಿಡ್ಡೇ, ಕ್ಯಾಲ್ಸಿಯಂ ಒಳಬಿಡುವ ಟಿಆರ್‌ಪಿಸಿ3 ಮತ್ತು ಟಿಆರ್‌ಪಿಸಿ6 ಚಾನೆಲ್‌ಗಳನ್ನು ನೇರವಾಗಿ ತೆರೆಯುತ್ತದೆ. ಇನ್ನು ಒಡೆಯದೆ ಇಡಿಯಾಗಿ ಉಳಿದ ಪಿಐಪಿ2? 1996ರಲ್ಲಿ ಹಿಲ್ಗೆಮನ್ ಮತ್ತು ಬಾಲ್ ಹೃದಯ ಸ್ನಾಯುವಿನ ಪೊರೆಯ ದೊಡ್ಡ ತುಣುಕುಗಳಲ್ಲಿ ಸೋಡಿಯಂ–ಕ್ಯಾಲ್ಸಿಯಂ ವಿನಿಮಯಕವನ್ನು ಅಳೆದರು. ಪಿಐಪಿ2 ಇದ್ದಾಗ ಅದು ನಡೆಯುತ್ತಿತ್ತು, ಪಿಐಪಿ2 ತೆಗೆದಾಗ ಇಳಿಯುತ್ತಿತ್ತು. ಆ ವಿನಿಮಯಕದ ಕುಟುಂಬವೇ ನಯಸ್ನಾಯುವಿನಲ್ಲೂ ಇದೆ. ಒಂದೇ ಅಣು ಇಡಿಯಾಗಿದ್ದಾಗ ಪಂಪನ್ನೂ ವಿನಿಮಯಕವನ್ನೂ ಎಬ್ಬಿಸುತ್ತದೆ, ಒಡೆದಾಗ ದಾಸ್ತಾನನ್ನೂ ಚಾನೆಲನ್ನೂ ತೆರೆಯುತ್ತದೆ. ಅಂದರೆ ಪಿಐಪಿ2 ಒಡೆಯುವ ಒಂದೇ ಕ್ರಿಯೆಯಿಂದ ಕ್ಯಾಲ್ಸಿಯಂ ಒಳಗೆ ಬರುವ ದಾರಿ ತೆರೆಯುತ್ತದೆ, ಹೊರಗೆ ಹೋಗುವ ದಾರಿ ಕಿರಿದಾಗುತ್ತದೆ. ಇಂಥ ಲಿಪಿಡನ್ನು ಲಿಪಿಡ್‌ಗಳ ಪಟ್ಟಿಯಿಂದಲೇ ಹೊರಗಿಟ್ಟು, ಆಮೇಲೆ ಲಿಪಿಡ್‌ಗಳು ಏನೂ ಮಾಡುವುದಿಲ್ಲ ಎಂದು ಸಾರುವುದು ವಾದವಲ್ಲ. ಸಾಕ್ಷಿಯನ್ನು ಕೋರ್ಟಿನಿಂದ ಹೊರಗೆ ಕಳಿಸಿ ಸಾಕ್ಷಿಯಿಲ್ಲ ಎನ್ನುವುದು.

ಮೂರನೆಯ ವಾದ ಕೊಲೆಸ್ಟರಾಲ್ ಕುರಿತು. ನೀವು ಮೀಥೈಲ್ ಸೈಕ್ಲೊಡೆಕ್ಸ್ಟ್ರಿನ್ ಹಾಕಿ ಪೊರೆಯ ಕೊಲೆಸ್ಟರಾಲ್ ಕಿತ್ತುಹಾಕುತ್ತೀರಿ, ಪೊರೆಯೇ ಕೆಡುತ್ತದೆ, ಕೆಟ್ಟ ಕೋಶ ಬಿಗಿಯದಿದ್ದರೆ ಅದರಲ್ಲಿ ಅಚ್ಚರಿಯೇನು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಉತ್ತರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲಿಯ ಬಾಲದ ಅಪಧಮನಿಯ ಸಣ್ಣ ಉಂಗುರವನ್ನು ತೆಳುತಂತಿಗಳ ನಡುವೆ ಕಟ್ಟಿ, ಬೆಚ್ಚಗಿನ ಲವಣ ದ್ರಾವಣದಲ್ಲಿಟ್ಟು, ಅದು ಎಳೆಯುವ ಬಲವನ್ನು ಅಳೆಯುತ್ತಾರೆ. ಸ್ವೀಡನ್ನಿನ ಲುಂಡ್‌ನ ಸಂಶೋಧಕರು 2002ರಲ್ಲಿ ಇಂಥ ಉಂಗುರಗಳಿಂದ ಸೈಕ್ಲೊಡೆಕ್ಸ್ಟ್ರಿನ್ ಬಳಸಿ ಕೊಲೆಸ್ಟರಾಲ್ ತೆಗೆದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಯಸ್ನಾಯುವಿನ ಅಂಚಿನುದ್ದಕ್ಕೂ ಹೂಜಿಯಾಕಾರದ ಚಿಕ್ಕ ಗುಳಿಗಳ ಸಾಲು ಕಾಣುತ್ತದೆ, ಪ್ರತಿಯೊಂದೂ 50ರಿಂದ 100 ನ್ಯಾನೊಮೀಟರ್ ಅಗಲ. ಅವೇ ಕ್ಯಾವಿಯೊಲೆಗಳು, ಕೊಲೆಸ್ಟರಾಲ್ ಮತ್ತು ಸ್ಫಿಂಗೊಲಿಪಿಡ್ ಒತ್ತಾಗಿ ಸೇರಿರುವ ಜಾಗಗಳು. ಕೊಲೆಸ್ಟರಾಲ್ ಹೋದಾಗ ಈ ಗುಳಿಗಳು ಕೆಟ್ಟವು. ಆಮೇಲೆ ಉಂಗುರವನ್ನು ಕೆರಳಿಸಿದರು. ಸಿರೊಟೋನಿನ್, ವಾಸೊಪ್ರೆಸಿನ್, ಎಂಡೋಥೆಲಿನ್ ಹಾಕಿದಾಗ ಬಿಗಿತ ತಗ್ಗಿತು. ಆಲ್ಫಾ ಅಡ್ರಿನರ್ಜಿಕ್ ರಿಸೆಪ್ಟರನ್ನು ಕೆರಳಿಸಿದಾಗ ಬಿಗಿತ ಹಾಗೇ ಇತ್ತು. ಹೆಚ್ಚು ಪೊಟ್ಯಾಸಿಯಂ ಹಾಕಿ ಪೊರೆಯ ವೋಲ್ಟೇಜಿನ ಋಣತೆ ತಗ್ಗಿಸಿದಾಗಲೂ ಹಾಗೇ ಇತ್ತು. ಕೊಲೆಸ್ಟರಾಲ್ ಮರಳಿ ತುಂಬಿದಾಗ ಸಿರೊಟೋನಿನ್‌ಗೆ ಸಿಗುವ ಉತ್ತರವೂ ಮರಳಿತು.

ಈಗ ಹೇಳಿ, ಕೋಶ ಕೆಟ್ಟಿತ್ತೇ? ಕೆಟ್ಟಿದ್ದರೆ ಪೊಟ್ಯಾಸಿಯಂಗೆ ಅದು ಹೇಗೆ ಬಿಗಿಯಿತು? ಆ ಬಿಗಿತಕ್ಕೆ ವೋಲ್ಟೇಜ್ ಕ್ಯಾಲ್ಸಿಯಂ ಚಾನೆಲ್ ಬೇಕು, ಕ್ಯಾಲ್‌ಮಾಡ್ಯುಲಿನ್ ಬೇಕು, ಮಯೋಸಿನ್ ಬೇಕು, ಎಟಿಪಿ ಬೇಕು. ಅವೆಲ್ಲ ಇದ್ದವು. ಇರದಿದ್ದದ್ದು ಕೆಲವು ರಿಸೆಪ್ಟರ್‌ಗಳಿಂದ ಬಿಗಿತಕ್ಕೆ ಹೋಗುವ ದಾರಿ ಮಾತ್ರ. ಮರುವರ್ಷ ಅದೇ ಗುಂಪು ಎಂಡೋಥೆಲಿನ್‌ನ ದಾರಿಯನ್ನು ಇನ್ನಷ್ಟು ಬಿಡಿಸಿ, ಕೊಲೆಸ್ಟರಾಲ್ ಹೋದಾಗ ತಗ್ಗುವುದು ಟಿಆರ್‌ಪಿಸಿ1 ಚಾನೆಲನ್ನು ಅವಲಂಬಿಸಿದ ಕ್ಯಾಲ್ಸಿಯಂ ಪ್ರವೇಶ ಎಂದು ತೋರಿಸಿತು. ಒರಟು ಸುತ್ತಿಗೆಯ ಪೆಟ್ಟು ಬಿದ್ದರೆ ಎಲ್ಲವೂ ಒಡೆಯಬೇಕಿತ್ತು. ಇಲ್ಲಿ ಮೂರು ದಾರಿ ಕುಗ್ಗಿ ಎರಡು ಉಳಿದವು. ಜೊತೆಗೆ ಒಂದು ಮಾತನ್ನು ಗಮನಿಸಿ. ಮೊದಲನೆಯ ವಾದದಲ್ಲಿ ಲಿಪಿಡ್‌ಗೆ ಏನೂ ಪ್ರಭಾವವಿಲ್ಲ ಎಂದವರು ಮೂರನೆಯ ವಾದದಲ್ಲಿ ಲಿಪಿಡ್ ತೆಗೆದರೆ ಎಲ್ಲವೂ ಹಾಳಾಗುತ್ತದೆ ಎನ್ನುತ್ತಾರೆ. ಎರಡನ್ನೂ ಒಂದೇ ಬಾಯಿಂದ ಹೇಳಲಾಗದು. ಯಾವುದನ್ನು ಕೈಬಿಡುತ್ತಾರೆ ಎಂದು ಅವರೇ ಆರಿಸಿಕೊಳ್ಳಲಿ.

ಬಹಳ ಮಂದಿ ಮೊದಲನೆಯದನ್ನು ಕೈಬಿಟ್ಟು ನಾಲ್ಕನೆಯ ವಾದಕ್ಕೆ ಬರುತ್ತಾರೆ. ಪ್ರಭಾವ ಇರಬಹುದು, ಆದರೆ ಅದು ಬರೀ ಭೌತಿಕವಾದದ್ದು, ಕೊಲೆಸ್ಟರಾಲ್ ಪೊರೆಯನ್ನು ಗಟ್ಟಿ ಮಾಡುತ್ತದೆ, ಗಟ್ಟಿ ಪೊರೆಯಲ್ಲಿ ಪ್ರೋಟೀನ್ ನಿಧಾನವಾಗುತ್ತದೆ, ಇದರಲ್ಲಿ ನಿರ್ದಿಷ್ಟವಾದದ್ದು ಏನೂ ಇಲ್ಲ ಎನ್ನುತ್ತಾರೆ. ಇದಕ್ಕೆ ಬೆಂಬಲವಾಗಿ ಅವರು ಅರಿವಳಿಕೆಯ ಇತಿಹಾಸವನ್ನು ತರುತ್ತಾರೆ, ಅದು ಅವರ ಅತಿ ಬಲವಾದ ಅಸ್ತ್ರ. ಮೇಯರ್ 1899ರಲ್ಲಿ, ಓವರ್ಟನ್ 1901ರಲ್ಲಿ ಅರಿವಳಿಕೆ ದ್ರವ್ಯ ಎಣ್ಣೆಯಲ್ಲಿ ಎಷ್ಟು ಕರಗುತ್ತದೋ ಅಷ್ಟು ಶಕ್ತಿಶಾಲಿ ಎಂದರು. ಅದರಿಂದ ಪೊರೆಯ ಲಿಪಿಡೇ ಅರಿವಳಿಕೆಯ ಗುರಿ ಎಂಬ ಸಿದ್ಧಾಂತ ಬಹುಕಾಲ ಆಳಿತು. 1984ರಲ್ಲಿ ಲಂಡನ್ನಿನ ಫ್ರಾಂಕ್ಸ್ ಮತ್ತು ಲೀಬ್ ಪೊರೆಯೇ ಇಲ್ಲದ ಒಂದು ಪ್ರೋಟೀನನ್ನು, ಮಿಂಚುಹುಳದ ಲೂಸಿಫರೇಸನ್ನು, ತೆಗೆದುಕೊಂಡು ಅರಿವಳಿಕೆಗಳು ಅದನ್ನು ನೇರವಾಗಿ ತಡೆಯುತ್ತವೆಂದು ತೋರಿಸಿದರು. 1991ರಲ್ಲಿ ಐಸೊಫ್ಲೂರೇನ್‌ನ ಎರಡು ಕನ್ನಡಿ ರೂಪಗಳು ನರಕೋಶದ ಚಾನೆಲ್‌ಗಳ ಮೇಲೆ ಬೇರೆಬೇರೆ ಬಲದಿಂದ ವರ್ತಿಸುತ್ತವೆಂದು ತೋರಿಸಿದರು. ಲಿಪಿಡ್ ಸಿದ್ಧಾಂತ ಅಲ್ಲಿ ಸೋತಿತು, ನಿಮ್ಮದೂ ಹಾಗೇ ಸೋಲುತ್ತದೆ ಎಂಬುದು ಎದುರು ಪಕ್ಷದ ಭವಿಷ್ಯವಾಣಿ.

ಈ ಇತಿಹಾಸವನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದರ ಒರೆಗಲ್ಲನ್ನೂ ಒಪ್ಪುತ್ತೇನೆ. ಕನ್ನಡಿ ರೂಪಗಳ ಪರೀಕ್ಷೆಯ ತರ್ಕ ಹೀಗಿದೆ: ಎಡಗಾಲಿನ ಚಪ್ಪಲಿಯೂ ಬಲಗಾಲಿನ ಚಪ್ಪಲಿಯೂ ಚೀಲದಲ್ಲಿ ಒಂದೇ ಜಾಗ ಹಿಡಿಯುತ್ತವೆ, ಒಂದೇ ತೂಕ ತೂಗುತ್ತವೆ, ಆದರೆ ಕಾಲಿಗೆ ಕೂರುವುದು ಒಂದೇ. ಒಂದು ಅಣುವಿನ ಎರಡು ಕನ್ನಡಿ ರೂಪಗಳು ಪೊರೆಯನ್ನು ಒಂದೇ ರೀತಿ ಗಟ್ಟಿ ಮಾಡುತ್ತಿದ್ದು, ಅವುಗಳಲ್ಲಿ ಒಂದು ಮಾತ್ರ ಚಾನೆಲನ್ನು ಬದಲಿಸಿದರೆ, ಆ ಅಣು ಪ್ರೋಟೀನಿನ ನಿರ್ದಿಷ್ಟ ತಾಣದಲ್ಲಿ ಕೂರುತ್ತಿದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ಕೊಲೆಸ್ಟರಾಲಿಗೆ ಮಾಡಿದ್ದಾರೆ. ಮೆಂಫಿಸ್‌ನ ಬುಕಿಯಾ, ಡೊಪಿಕೊ ಮತ್ತು ಸಂಗಡಿಗರು 2011ರಲ್ಲಿ ಇಲಿಯ ಮಿದುಳಿನ ಅಪಧಮನಿಯ ನಯಸ್ನಾಯುವಿನಿಂದ ಪಡೆದ ಬಿಕೆ ಚಾನೆಲನ್ನು ಕೃತಕ ಪೊರೆಯಲ್ಲಿಟ್ಟರು. ಕ್ಯಾಲ್ಸಿಯಂ ಏರಿದಾಗ ತೆರೆದು ಪೊಟ್ಯಾಸಿಯಂ ಹೊರಬಿಟ್ಟು ಸ್ನಾಯುವನ್ನು ಸಡಿಲಿಸುವ ಚಾನೆಲ್ ಅದು. ಪ್ರಕೃತಿಯ ಕೊಲೆಸ್ಟರಾಲ್ ಅದನ್ನು ತಡೆಯಿತು. ಅದರ ಕನ್ನಡಿ ರೂಪ ತಡೆಯಲಿಲ್ಲ. ಲೆವಿಟನ್ ಅವರ ಗುಂಪು 2002ರಲ್ಲಿಯೇ, ಒಂದು ಹೈಡ್ರಾಕ್ಸಿಲ್ ಗುಂಪು ತಿರುಗಿ ಕೂತಿರುವ ಎಪಿಕೊಲೆಸ್ಟರಾಲ್ ಬಳಸಿ ರಕ್ತನಾಳದ ಒಳಮೈಯಾದ ಎಂಡೋಥೀಲಿಯಂನ ಪೊಟ್ಯಾಸಿಯಂ ಚಾನೆಲ್ ಮೇಲೆ ಇಂಥದೇ ವ್ಯತ್ಯಾಸ ತೋರಿಸಿತ್ತು. ಅರಿವಳಿಕೆಯ ವಿಷಯದಲ್ಲಿ ಕನ್ನಡಿ ಪರೀಕ್ಷೆಯ ತೀರ್ಪನ್ನು ತಲೆಬಾಗಿ ಒಪ್ಪಿದವರು ಕೊಲೆಸ್ಟರಾಲ್ ವಿಷಯದಲ್ಲಿ ಅದೇ ಪರೀಕ್ಷೆಯ ತೀರ್ಪನ್ನು ಏಕೆ ಮಾತಿಗೂ ತರುವುದಿಲ್ಲ? ಅವರ ಅತಿ ಬಲವಾದ ಅಸ್ತ್ರ ಅವರಿಗೇ ತಿರುಗಿದೆ.

ಇದೆಲ್ಲದರಿಂದ ಪೊರೆಯ ಗಟ್ಟಿತನಕ್ಕೆ ಪಾತ್ರವೇ ಇಲ್ಲ ಎಂದಾಗುವುದಿಲ್ಲ. ಹೊರಪೊರೆಯಲ್ಲಿ ಕೊಲೆಸ್ಟರಾಲ್ ಹೇರಳ, ಒಳಜಾಲದ ಪೊರೆಯಲ್ಲಿ ಬಹಳ ಕಡಿಮೆ. ಒಳಜಾಲಕ್ಕೆ ಕೊಲೆಸ್ಟರಾಲ್ ನುಗ್ಗಿದರೆ ಸರ್ಕಾ 2ಬಿ ಪಂಪ್ ಮಂದವಾಗುತ್ತದೆ, ಪೊರೆ ಗಟ್ಟಿಯಾದಷ್ಟೂ ಮಂದವಾಗುತ್ತದೆ ಎಂದು ಮ್ಯಾಕ್ರೊಫೇಜ್ ಕೋಶಗಳಲ್ಲಿ ಟಾಬಾಸ್ ಅವರ ಗುಂಪು 2004ರಲ್ಲಿ ತೋರಿಸಿತು. ನಯಸ್ನಾಯುವಿನಲ್ಲಿ ಹೆಚ್ಚಾಗಿರುವ ರೂಪವೂ 2ಬಿಯೇ. ಕೊಲೆಸ್ಟರಾಲ್ ಎರಡು ರೀತಿ ಕೆಲಸ ಮಾಡುತ್ತದೆ ಎಂಬುದು ನಮ್ಮ ನಿಲುವಿಗೆ ತೊಡಕಲ್ಲ. ಒಂದೇ ರೀತಿ ಎಂದು ಹಟ ಹಿಡಿದವರಿಗೆ ಮಾತ್ರ ತೊಡಕು.

ಐದನೆಯದು ಜಾಣತನದ ಆಕ್ಷೇಪ. ನಿಮ್ಮ ಫಲಿತಾಂಶಗಳೇ ಒಂದಕ್ಕೊಂದು ಹೊಡೆದಾಡುತ್ತವೆ ಎನ್ನುತ್ತಾರೆ. ಅಪಧಮನಿಯಲ್ಲಿ ಕೊಲೆಸ್ಟರಾಲ್ ತೆಗೆದರೆ ಬಿಗಿತ ತಗ್ಗುತ್ತದೆ. ಬಸಿರಿಲಿಯ ಗರ್ಭಕೋಶದಲ್ಲಿ ತೆಗೆದರೆ ಬಿಗಿತ ಹೆಚ್ಚುತ್ತದೆ, ಇದು 2005ರಲ್ಲಿ ಲಿವರ್‌ಪೂಲ್‌ನ ರೇ ಅವರ ಗುಂಪು ಕಂಡದ್ದು. 1989ರ ಬೊಲೊಟಿನಾ ಅವರ ಪ್ರಯೋಗದಲ್ಲಿ ಕೊಲೆಸ್ಟರಾಲ್ ಕಡಿಮೆಯಾದರೆ ಬಿಕೆ ಚಾನೆಲ್ ಹೆಚ್ಚು ತೆರೆಯುತ್ತದೆ. 2007ರಲ್ಲಿ ಗರ್ಭಕೋಶದ ಕೋಶಗಳಲ್ಲಿ ಕೊಲೆಸ್ಟರಾಲ್ ತೆಗೆದಾಗ ಕ್ಯಾಲ್ಸಿಯಂ ಎಬ್ಬಿಸುವ ಪೊಟ್ಯಾಸಿಯಂ ಪ್ರವಾಹವೇ ಮಾಯ. ಯಾವುದನ್ನು ನಂಬಬೇಕು?

ಎರಡನ್ನೂ. ಮೊದಲಿಗೆ ಎಲ್ಲಿ ಏನನ್ನು ಅಳೆದರು ಎಂದು ನೋಡಿ. ಬೊಲೊಟಿನಾ ಅಳೆದದ್ದು ಪೊರೆಯ ಸಣ್ಣ ತುಣುಕಿನಲ್ಲಿರುವ ಒಂದೊಂದು ಚಾನೆಲನ್ನು; ಅಲ್ಲಿ ಪ್ರಶ್ನೆ ಕೊಲೆಸ್ಟರಾಲ್ ಆ ಅಣುವಿಗೆ ಏನು ಮಾಡುತ್ತದೆ ಎಂಬುದು. ಗರ್ಭಕೋಶದಲ್ಲಿ ಅಳೆದದ್ದು ಇಡೀ ಕೋಶದ ಪ್ರವಾಹವನ್ನು. ಅಲ್ಲಿ ಚಾನೆಲ್ ತೆರೆಯಬೇಕಾದರೆ ಪಕ್ಕದಲ್ಲೇ ಕ್ಯಾಲ್ಸಿಯಂ ಚಿಮ್ಮಬೇಕು. ನೆಲ್ಸನ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದಂತೆ, ಅಪಧಮನಿಯ ನಯಸ್ನಾಯುವಿನಲ್ಲಿ ಜಾಲದಿಂದ ಕ್ಯಾಲ್ಸಿಯಂ ಕಿಡಿಗಳಂತೆ ಸಿಡಿಯುತ್ತದೆ, ಆ ಕಿಡಿ ಪಕ್ಕದ ಬಿಕೆ ಚಾನೆಲ್‌ಗಳನ್ನು ತೆರೆಯುತ್ತದೆ, ಪೊರೆಯ ವೋಲ್ಟೇಜ್ ಇನ್ನಷ್ಟು ಋಣವಾಗಿ ಸ್ನಾಯು ಸಡಿಲಗೊಳ್ಳುತ್ತದೆ. ಒಂದೆಡೆ ಚಿಮ್ಮಿದ ಕ್ಯಾಲ್ಸಿಯಂ ಸ್ನಾಯುವನ್ನು ಬಿಗಿಯುವ ಬದಲು ಸಡಿಲಿಸುತ್ತದೆ! ಇದು ಸಾಧ್ಯವಾಗುವುದು ಜಾಗದಿಂದ ಮಾತ್ರ: ಕಿಡಿ ಮತ್ತು ಚಾನೆಲ್ ಎದುರುಬದುರು ಇರಬೇಕು. 2000ದಲ್ಲಿ ಬರ್ಲಿನ್ನಿನ ಗುಂಪು ಕೊಲೆಸ್ಟರಾಲ್ ತೆಗೆದು ಕ್ಯಾವಿಯೊಲೆಗಳನ್ನು ಕೆಡಿಸಿದಾಗ ಕಿಡಿಗಳು ವಿರಳವಾದವು. ವೋಲ್ಟೇಜ್ ಕ್ಯಾಲ್ಸಿಯಂ ಚಾನೆಲ್‌ನ ಪ್ರವಾಹ ಮಾತ್ರ ಹಾಗೇ ಇತ್ತು. ಹಾಗಾಗಿ ಕೊಲೆಸ್ಟರಾಲಿಗೆ ಇಲ್ಲಿ ಎರಡು ಕೆಲಸ. ಚಾನೆಲ್ ಅಣುವನ್ನು ಹಿಡಿದು ಅದನ್ನು ಅಷ್ಟಿಷ್ಟು ಮುಚ್ಚಿಡುವುದು ಒಂದು. ಚಾನೆಲ್ ಮತ್ತು ಅದರ ಕ್ಯಾಲ್ಸಿಯಂ ಮೂಲವನ್ನು ಎದುರುಬದುರು ಇಡುವ ಗುಳಿಯನ್ನು ಕಟ್ಟಿ ನಿಲ್ಲಿಸುವುದು ಇನ್ನೊಂದು. ಪೊರೆಯ ತುಣುಕಿನಲ್ಲಿ ಮೊದಲನೆಯದಷ್ಟೇ ಕಾಣುತ್ತದೆ, ಇಡೀ ಕೋಶದಲ್ಲಿ ಎರಡನೆಯದು ಗೆಲ್ಲುತ್ತದೆ. ಗರ್ಭಕೋಶದಲ್ಲಿ ಸಡಿಲಿಸುವ ಬಿಕೆ ಪ್ರವಾಹ ಕಳೆದುಹೋದರೆ ಬಿಗಿತ ಹೆಚ್ಚಬೇಕು, ಹೆಚ್ಚಿತು. ಬಾಲದ ಅಪಧಮನಿಯಲ್ಲಿ ಎಂಡೋಥೆಲಿನ್‌ನ ಪ್ರವೇಶದ್ವಾರ ಕಳೆದುಹೋದರೆ ಬಿಗಿತ ತಗ್ಗಬೇಕು, ತಗ್ಗಿತು. ಯಾವ ಅಂಗದಲ್ಲಿ ಯಾವ ಪ್ರೋಟೀನ್ ಆ ಗುಳಿಯನ್ನು ನೆಚ್ಚಿಕೊಂಡಿದೆಯೋ ಅದರ ಮೇಲೆ ಫಲಿತಾಂಶದ ದಿಕ್ಕು ನಿಂತಿದೆ. ಗೋಡೆಯ ವಾದವೇ ಸರಿಯಾಗಿದ್ದರೆ ಎರಡು ಅಂಗಗಳಲ್ಲೂ ಒಂದೇ ಫಲ ಬರಬೇಕಿತ್ತು. ವಿರೋಧಾಭಾಸ ಎಂದು ಅವರು ಬೊಟ್ಟು ಮಾಡುವ ಜಾಗದಲ್ಲೇ ಅವರ ವಾದ ಕುಸಿಯುತ್ತದೆ.

ಆರನೆಯ ವಾದ ಚುಟುಕಾದದ್ದು. ಕ್ಯಾ‌ವಿಯೊಲಿನ್-1 ಎಂಬ, ಕ್ಯಾವಿಯೊಲೆ ಕಟ್ಟುವ ಪ್ರೋಟೀನಿನ ಜೀನ್ ಇಲ್ಲದ ಇಲಿಮರಿಗಳು ಹುಟ್ಟುತ್ತವೆ, ಬದುಕುತ್ತವೆ. ಅವುಗಳಲ್ಲಿ ಈ ಗುಳಿಗಳೇ ಇಲ್ಲ. ಆದ್ದರಿಂದ ಗುಳಿಗಳು ಮುಖ್ಯವಲ್ಲ. ಆದರೆ ಬದುಕಿರುವುದಕ್ಕೂ ಸರಿಯಾಗಿ ಕೆಲಸ ಮಾಡುವುದಕ್ಕೂ ವ್ಯತ್ಯಾಸವಿದೆ. 2001ರಲ್ಲಿ ಇಂಥ ಇಲಿಯನ್ನು ವಿವರಿಸಿದ ಡ್ರಾಬ್ ಮತ್ತು ಸಂಗಡಿಗರ ಲೇಖನದ ಶೀರ್ಷಿಕೆಯಲ್ಲೇ ರಕ್ತನಾಳದ ದೋಷ ಮತ್ತು ಶ್ವಾಸಕೋಶದ ದೋಷ ಎರಡೂ ಇವೆ. ಒಳಗೆ ಓದಿದರೆ ಹೃದಯ ಮತ್ತು ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್ ಹಾಗೂ ಕ್ಯಾಲ್ಸಿಯಂ ಸಂದೇಶಗಳು ಕೆಟ್ಟಿದ್ದವು, ಅಪಧಮನಿಯ ಸಡಿಲಿಕೆಯೂ ಬಿಗಿತವೂ ಏರುಪೇರಾಗಿದ್ದವು ಎಂಬ ವಿವರ ಸಿಗುತ್ತದೆ. ಶೀರ್ಷಿಕೆಯನ್ನಾದರೂ ಓದಿದವರು ಈ ಇಲಿಯನ್ನು ತಮ್ಮ ಸಾಕ್ಷಿಯಾಗಿ ಕರೆಯಲಾರರು.

ಏಳನೆಯದು: ಪೊರೆಯಲ್ಲಿ ಕೊಲೆಸ್ಟರಾಲ್ ಮತ್ತು ಸ್ಫಿಂಗೊಲಿಪಿಡ್ ಗುಂಪುಗೂಡಿವೆ ಎನ್ನುವ ತಾಣಗಳನ್ನು, ಅಂದರೆ ಲಿಪಿಡ್ ರಾಫ್ಟ್‌ಗಳನ್ನು, ಯಾರೂ ಕಂಡಿಲ್ಲ, ಸಾಬೂನಿನಂಥ ಡಿಟರ್ಜೆಂಟಿನಲ್ಲಿ ಕರಗದೆ ಉಳಿದದ್ದಕ್ಕೆ ಆ ಹೆಸರಿಟ್ಟಿದ್ದಾರೆ. 1997ರಲ್ಲಿ ಸೈಮನ್ಸ್ ಮತ್ತು ಇಕೊನೆನ್ ಈ ಕಲ್ಪನೆಯನ್ನು ಮುಂದಿಟ್ಟಾಗ ಇದು ಸಲ್ಲುವ ಟೀಕೆಯಾಗಿತ್ತು. ಆದರೆ ಟೀಕೆ ಅಲ್ಲೇ ನಿಂತುಬಿಟ್ಟಿತು, ವಿಜ್ಞಾನ ನಿಲ್ಲಲಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವರ್ಮಾ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ ಡಿಟರ್ಜೆಂಟ್ ಮುಟ್ಟದೆ, ಜೀವಂತ ಕೋಶದಲ್ಲೇ, ಬೆಳಕಿನ ಶಕ್ತಿ ಒಂದು ಅಣುವಿನಿಂದ ಪಕ್ಕದ ಅಣುವಿಗೆ ಹಾರುವುದನ್ನು ಅಳೆದು, ಲಿಪಿಡ್ ಕೊಂಡಿಯ ಪ್ರೋಟೀನುಗಳು ಪೊರೆಯ ಮೇಲೆ ಅತಿ ಸಣ್ಣ ಗುಂಪುಗಳಲ್ಲಿವೆ ಎಂದು ತೋರಿಸಿದರು. ಆ ಗುಂಪುಗಳಿಗೆ ಕೊಲೆಸ್ಟರಾಲ್ ಬೇಕು. 2015ರಲ್ಲಿ ಅದೇ ಪ್ರಯೋಗಾಲಯ, ಹೊರಪದರದ ಈ ಗುಂಪುಗಾರಿಕೆಗೆ ಒಳಪದರದ ಉದ್ದ ಸರಪಣಿಯ ಫಾಸ್ಫಟಿಡಿಲ್‌ಸೆರಿನ್ ಬೇಕೆಂದು ತೋರಿಸಿತು. ಇನ್ನು ಕ್ಯಾವಿಯೊಲೆಯಂತೂ 1950ರ ದಶಕದಲ್ಲಿ ಪಲಾಡೆ ಮತ್ತು ಯಮಾಡಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡದ್ದು. 1993ರಲ್ಲಿ ಫುಜಿಮೊಟೊ ಕ್ಯಾಲ್ಸಿಯಂ ಪಂಪನ್ನು ಅದೇ ಗುಳಿಯಲ್ಲಿ ಗುರುತಿಸಿದರು. ರಾಫ್ಟಿನ ಮೇಲಿನ ಅನುಮಾನವನ್ನು ತಂದು ಕ್ಯಾವಿಯೊಲೆಯ ಮೇಲೆ ಹೊರಿಸುವುದು ಒಪ್ಪತಕ್ಕದ್ದಲ್ಲ.

ಕೊನೆಗೆ ಉಳಿಯುವುದು ಪ್ರಯೋಜನದ ಪ್ರಶ್ನೆ. ಇದೆಲ್ಲ ನಿಜವಿದ್ದರೂ ರೋಗಿಗೆ ಏನು? ಬಿಪಿಗೆ ಕೊಡುವ ಕ್ಯಾಲ್ಸಿಯಂ ತಡೆಮದ್ದು ಚಾನೆಲ್ ಎಂಬ ಪ್ರೋಟೀನನ್ನು ತಡೆಯುತ್ತದೆ, ಕೆಲಸ ಮುಗಿಯಿತು. ಇಲ್ಲವಾದರೆ ಇವತ್ತು ತುಪ್ಪ ತಿಂದವನಿಗೆ ನಾಳೆ ರಕ್ತನಾಳ ಬಿಗಿಯುತ್ತದೆ ಎನ್ನುತ್ತೀರಾ ಎಂದು ನಗುತ್ತಾರೆ. ತುಪ್ಪದ ಮಾತನ್ನು ನಮ್ಮಲ್ಲಿ ಯಾರೂ ಆಡಿಲ್ಲ. ಕೋಶ ತನ್ನ ಕೊಲೆಸ್ಟರಾಲನ್ನು ತಾನೇ ಅಳೆದು ಹಿಡಿತದಲ್ಲಿಡುತ್ತದೆ ಎಂಬುದು ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1985ರ ನೊಬೆಲ್ ಪಡೆದ ಕಾಲದಿಂದ ಎಲ್ಲರಿಗೂ ಗೊತ್ತು. ನಾವು ಹೇಳುತ್ತಿರುವುದು ಆ ಹಿಡಿತ ದೀರ್ಘಕಾಲ ತಪ್ಪಿದಾಗ ಆಗುವುದನ್ನು. 1979ರಲ್ಲಿಯೇ ಯೊಕೊಯಾಮಾ ಮತ್ತು ಹೆನ್ರಿ, ನಾಯಿಯ ಹೃದಯದ ಅಪಧಮನಿಗೆ ಕೊಲೆಸ್ಟರಾಲ್ ತಾಗಿಸಿದರೆ ಕ್ಯಾಲ್ಸಿಯಂಗೆ ಅದರ ಸ್ಪಂದನೆ ತೀಕ್ಷ್ಣವಾಗುತ್ತದೆಂದು ತೋರಿಸಿದ್ದರು. 1991ರಲ್ಲಿ ಗ್ಲೀಸನ್, ಮೆಡೊ ಮತ್ತು ಟುಲೆಂಕೊ ಅಪಧಮನಿಯ ನಯಸ್ನಾಯು ಕೋಶಗಳ ಪೊರೆಗೆ ಕೊಲೆಸ್ಟರಾಲ್ ತುಂಬಿದಾಗ ಕ್ಯಾಲ್ಸಿಯಂ ಒಳಹರಿವೂ ಕೋಶದೊಳಗಿನ ಕ್ಯಾಲ್ಸಿಯಂ ಮಟ್ಟವೂ ಏರಿದವು.

ಈಗ ಅವರು ನೆಚ್ಚಿದ ಮದ್ದಿಗೇ ಬರೋಣ. ಆಮ್ಲೊಡಿಪಿನ್ ಮತ್ತದರ ಬಳಗದ ಡೈಹೈಡ್ರೊಪಿರಿಡಿನ್‌ಗಳು ಪೊರೆಯ ಲಿಪಿಡ್‌ನಲ್ಲಿ ನೀರಿಗಿಂತ ಸಾವಿರಾರು ಪಟ್ಟು ಹೆಚ್ಚು ಕರಗುತ್ತವೆ. 2016ರಲ್ಲಿ ಬ್ಯಾಕ್ಟೀರಿಯದ ಚಾನೆಲನ್ನು ಕ್ಯಾಲ್ಸಿಯಂ ಚಾನೆಲ್ಲಾಗಿ ಮಾರ್ಪಡಿಸಿ ಪಡೆದ ರಚನೆಯಲ್ಲಿ ಆಮ್ಲೊಡಿಪಿನ್ ಕೂತದ್ದು ಎಲ್ಲಿ? ಕ್ಯಾಲ್ಸಿಯಂ ಹಾಯುವ ರಂಧ್ರದೊಳಗಲ್ಲ. ಚಾನೆಲ್ಲಿನ ಹೊರಮೈಯಲ್ಲಿ, ಲಿಪಿಡ್ ಕಡೆಗೆ ಮುಖಮಾಡಿದ ತಾಣದಲ್ಲಿ. ಆ ತಾಣಕ್ಕೆ ಮದ್ದು ತಲುಪಬೇಕಾದರೆ ಪೊರೆಯನ್ನು ಹಾದೇ ಬರಬೇಕು. ಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚಿದಷ್ಟೂ ಇಂಥ ಮದ್ದುಗಳು ಅದರಲ್ಲಿ ಕಡಿಮೆ ಸೇರುತ್ತವೆ ಎಂದು ಮೇಸನ್ ಮತ್ತು ಸಂಗಡಿಗರು 1992ರಲ್ಲಿ ಅಳೆದಿದ್ದಾರೆ. ಕೊಲೆಸ್ಟರಾಲ್ ತಿನ್ನಿಸಿ ಅಪಧಮನಿಕಾಠಿಣ್ಯ ತರಿಸಿದ ಪ್ರಾಣಿಗಳ ನಯಸ್ನಾಯುವಿನ ಹೊರಪೊರೆಯಲ್ಲಿ ಕೊಲೆಸ್ಟರಾಲ್ ಏರಿರುತ್ತದೆ, ಪೊರೆಯ ರಚನೆಯೂ ಕೆಲಸವೂ ಬದಲಾಗಿರುತ್ತವೆ ಎಂದು ಟುಲೆಂಕೊ ಮತ್ತು ಮೇಸನ್ 1995ರಲ್ಲಿ ತೋರಿಸಿದರು. ಯಾವ ರೋಗಿಗೆ ಈ ಮದ್ದು ಹೆಚ್ಚು ಬೇಕೋ ಅವನ ಅಪಧಮನಿಯ ಪೊರೆಯೇ ಬದಲಾಗಿರುವ ಸಾಧ್ಯತೆ ಹೆಚ್ಚು. ಆ ಪೊರೆಯಲ್ಲಿ ಏನಿದೆ ಎಂದು ನೋಡುವುದು ಅನಗತ್ಯ ಎನ್ನುವವರು, ತಮ್ಮ ಮದ್ದು ಚಾನೆಲನ್ನು ತಲುಪುವ ದಾರಿ ಯಾವುದೆಂದು ಮೊದಲು ಹೇಳಬೇಕು.